ಬೈಯುವ ಮೊದಲು ಅಳೆಯೋಣ

ರಾತ್ರಿ ಒಂಬತ್ತೂವರೆ ಆಯ್ತು ಅಂದ್ರೆ ನಮ್ಮ ಹಾಸ್ಟೆಲ್ ಕಾರಿಡಾರ್‌ನಲ್ಲಿ ಒಂದೇ ಮಾತು: "ಯಾರೋ ಡೌನ್‌ಲೋಡ್ ಹಾಕಿದ್ದಾನೆ ಕಣೋ, ನೆಟ್ ಸತ್ತೋಗಿದೆ." ಯಾರು ಅಂತ ಗೊತ್ತಿಲ್ಲ, ಎಷ್ಟು ಅಂತ ಗೊತ್ತಿಲ್ಲ, ನಿಜಕ್ಕೂ ಡೌನ್‌ಲೋಡೇನಾ ಅಂತಲೂ ಗೊತ್ತಿಲ್ಲ. ಆದರೂ ಆ "ಯಾರೋ" ಐದು ನಿಮಿಷದಲ್ಲಿ ಸಿಕ್ಕಿಬಿಡ್ತಾನೆ. ಒಂದೋ ಗೇಮಿಂಗ್ ಲ್ಯಾಪ್‌ಟಾಪ್ ಇಟ್ಟುಕೊಂಡಿರೋನು, ಇಲ್ಲಾ ಮೊನ್ನೆ ತಾನೇ ಬಂದ ಫಸ್ಟ್ ಇಯರ್ ಹುಡುಗ.

ಈ ಸೆಮಿಸ್ಟರ್‌ನಲ್ಲಿ ಈ ಮಾತು ಕಾರಿಡಾರ್ ದಾಟಿ ಹಾಸ್ಟೆಲ್ ಕಮಿಟಿವರೆಗೂ ಹೋಗಿದೆ. ಅಲ್ಲಿ ಎರಡು ಸಲಹೆಗಳು ಬಂದಿವೆ. ಒಂದು, ರಾತ್ರಿ ಹೊತ್ತು ಆಟದ ಸರ್ವರ್‌ಗಳನ್ನೆಲ್ಲ ಬ್ಲಾಕ್ ಮಾಡೋದು. ಇನ್ನೊಂದು, ಜಾಸ್ತಿ ಬಳಸ್ತಾರೆ ಅಂತ "ಎಲ್ಲರಿಗೂ ಗೊತ್ತಿರೋ" ಕೆಲವರ ಲ್ಯಾಪ್‌ಟಾಪ್‌ಗಳನ್ನು ವೈಫೈ ಪಟ್ಟಿಯಿಂದಲೇ ತೆಗೆದುಹಾಕೋದು. ಎರಡನೆಯದು ನಮಗೆ ಭಯ ಹುಟ್ಟಿಸುತ್ತೆ. ವೈಫೈ ಇಲ್ಲ ಅಂದ್ರೆ ಅಸೈನ್‌ಮೆಂಟ್ ಸಬ್‌ಮಿಟ್ ಮಾಡೋ ಹಾಗಿಲ್ಲ, ಪರೀಕ್ಷೆ ಫಾರ್ಮ್ ತುಂಬೋ ಹಾಗಿಲ್ಲ, ಮನೆಗೆ ವಿಡಿಯೋ ಕಾಲ್ ಮಾಡೋ ಹಾಗಿಲ್ಲ. ಮೊಬೈಲ್ ಡೇಟಾ ಹಾಕಿಸಿಕೊಳ್ಳೋಕೆ ಎಲ್ಲರ ಹತ್ರ ಒಂದೇ ಥರ ದುಡ್ಡೂ ಇರೋದಿಲ್ಲ.

ನಮ್ಮ ಅಭಿಪ್ರಾಯ ನೇರವಾಗಿ ಹೇಳ್ತೀವಿ: ಈ ಎರಡೂ ಸಲಹೆಗಳು ಈಗ ಬೇಡ. ಯಾರ ಮೇಲೋ ಕನಿಕರದಿಂದ ಹೇಳ್ತಿರೋ ಮಾತಲ್ಲ. ಈ ಸಲಹೆಗಳ ಹಿಂದೆ ಒಂದೇ ಒಂದು ಅಂಕಿ ಇಲ್ಲ, ಅದಕ್ಕೇ ಬೇಡ ಅಂತಿದ್ದೀವಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಹಿರಿಯರು. ನಾವಿನ್ನೂ ಪ್ರತ್ಯಕ್ಷವನ್ನೇ ಕಂಡಿಲ್ಲ. ಕಾಣಿಸೋ ಸಾಧನಗಳು ಎಲ್ಲರ ಲ್ಯಾಪ್‌ಟಾಪ್‌ನಲ್ಲೂ ಇವೆ, ಇಲ್ಲದಿದ್ರೆ ಐದು ನಿಮಿಷದಲ್ಲಿ ಪುಕ್ಕಟೆ ಬರ್ತವೆ. ಅವುಗಳ ಬಗ್ಗೆಯೇ ಈ ಬರಹ.

"ಸ್ಲೋ" ಅಂದ್ರೆ ಏನು?

ನೆಟ್ ಸ್ಲೋ ಅನ್ನೋದು ಜ್ವರ ಇದ್ದ ಹಾಗೆ. ಅದು ಲಕ್ಷಣ, ಕಾಯಿಲೆಯ ಹೆಸರಲ್ಲ. ಕಾಯಿಲೆ ಕನಿಷ್ಠ ಮೂರು ಥರದ್ದಿರಬಹುದು.

ಮೊದಲನೆಯದು, ಕಾಲೇಜಿಗೆ ಹೊರಗಿಂದ ಬರೋ ಲೈನ್ ನಿಜವಾಗ್ಲೂ ತುಂಬಿರೋದು. ಹಾಸ್ಟೆಲ್ ಮೇಲಿನ ನೀರಿನ ಟ್ಯಾಂಕ್ ಒಂದೇ, ಬೆಳಿಗ್ಗೆ ಏಳಕ್ಕೆ ಎಲ್ಲರೂ ನಲ್ಲಿ ತಿರುಗಿಸಿದ ಹಾಗೆ. ಎರಡನೆಯದು, ಲೈನ್‌ನಲ್ಲಿ ಜಾಗ ಇದ್ದರೂ ನಮ್ಮ ರೂಮಿಗೂ ವೈಫೈ ಪೆಟ್ಟಿಗೆಗೂ ನಡುವೆ ಗಾಳಿಯಲ್ಲಿ ಜಾಗ ಇಲ್ಲದಿರೋದು. ವೈಫೈನಲ್ಲಿ ಒಂದು ಚಾನೆಲ್ ಮೇಲೆ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್‌ಗಳು ಮೂರೇ: 1, 6, 11. ದೂರದ ಮೂಲೆ ರೂಮಿನವನ ಸಿಗ್ನಲ್ ದುರ್ಬಲ ಇದ್ದಷ್ಟೂ ಅವನ ಲ್ಯಾಪ್‌ಟಾಪ್ ನಿಧಾನವಾಗಿ ಮಾತಾಡುತ್ತೆ, ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುತ್ತೆ, ಹೀಗೆ ಎಲ್ಲರ ಸಮಯವನ್ನೂ ತಿನ್ನುತ್ತೆ. ಅವನು ಡೌನ್‌ಲೋಡ್ ಮಾಡಿದ್ದು ಕಮ್ಮಿಯೇ ಇರಬಹುದು!

ಮೂರನೆಯದು ತಡ. ಲೈನ್ ಎಷ್ಟು ಅಗಲ ಅನ್ನೋದು ಒಂದು ಪ್ರಶ್ನೆ, ಒಂದು ಪ್ಯಾಕೆಟ್ ಹೋಗಿ ಬರೋಕೆ ಎಷ್ಟು ಹೊತ್ತು ಅನ್ನೋದು ಬೇರೆ ಪ್ರಶ್ನೆ. ಯಾರಾದ್ರೂ ಒಂದೇ ಸಮನೆ ಅಪ್‌ಲೋಡ್ ಹಾಕಿದ್ರೆ ರೂಟರ್‌ನ ಬಫರ್‌ನಲ್ಲಿ ಪ್ಯಾಕೆಟ್‌ಗಳ ಕ್ಯೂ ಬೆಳೆಯುತ್ತೆ, ನಮ್ಮ ಪುಟ್ಟ ಪ್ಯಾಕೆಟ್ ಕೂಡ ಅದೇ ಕ್ಯೂನ ಕೊನೆಯಲ್ಲಿ ನಿಲ್ಲುತ್ತೆ. ಇದಕ್ಕೆ ಬಫರ್‌ಬ್ಲೋಟ್ ಅಂತಲೇ ಹೆಸರಿದೆ.

ಮೂರಕ್ಕೂ ಔಷಧಿ ಬೇರೆ ಬೇರೆ. ಮೊದಲನೆಯದಕ್ಕೆ ಲೈನ್ ದೊಡ್ಡದು ಮಾಡಬೇಕು ಇಲ್ಲಾ ಹಂಚಿಕೊಳ್ಳಬೇಕು. ಎರಡನೆಯದಕ್ಕೆ ಇನ್ನೆರಡು ವೈಫೈ ಪೆಟ್ಟಿಗೆ ಹಾಕಿ ಚಾನೆಲ್ ಸರಿ ಮಾಡಬೇಕು. ಮೂರನೆಯದಕ್ಕೆ ರೂಟರ್‌ನ ಕ್ಯೂ ಸೆಟ್ಟಿಂಗ್ ನೋಡಬೇಕು. ಆಟ ಬ್ಲಾಕ್ ಮಾಡೋದು ಇದರಲ್ಲಿ ಯಾವುದಕ್ಕೆ ಔಷಧಿ ಅಂತ ಕೇಳಿದ್ರೆ ಕಮಿಟಿಯಲ್ಲಿ ಯಾರ ಹತ್ರಾನೂ ಉತ್ತರ ಇರಲಿಲ್ಲ.

ಕಪ್ಪು ಪರದೆಯ ನಾಲ್ಕೈದು ಗೆಳೆಯರು

ಈಗ ಸಾಧನಗಳಿಗೆ ಬರೋಣ. ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೀವಿ, ಟೈಪ್ ಮಾಡೋದು ಮಾತ್ರ ಇಂಗ್ಲಿಷ್ ಸಣ್ಣಕ್ಷರದಲ್ಲಿ.

ಲಿನಕ್ಸ್ ಕರ್ನಲ್ ತಾನಾಗೇ ಲೆಕ್ಕ ಬರೆದುಕೊಳ್ಳುತ್ತೆ. ಪ್ರಾಕ್ ಫೋಲ್ಡರ್ ಒಳಗೆ ನೆಟ್, ಅದರೊಳಗೆ ಡೆವ್ ಅಂತ ಒಂದು ಫೈಲ್ ಇದೆ. ಅದನ್ನು ಕ್ಯಾಟ್ ಕಮಾಂಡ್‌ನಿಂದ ತೆಗೆದು ನೋಡಿ. ವೈಫೈ, ಈಥರ್ನೆಟ್ ಒಂದೊಂದಕ್ಕೂ ಎಷ್ಟು ಬೈಟ್ ಒಳಗೆ ಬಂತು, ಎಷ್ಟು ಹೊರಗೆ ಹೋಯ್ತು, ಎಷ್ಟು ಪ್ಯಾಕೆಟ್ ಬಿದ್ದುಹೋಯ್ತು ಅಂತ ಸಾಲು ಸಾಲಾಗಿ ಇರುತ್ತೆ. ಮನೆ ಮುಂದಿನ ಕರೆಂಟ್ ಮೀಟರ್ ಇದ್ದ ಹಾಗೆ. ಒಂದೇ ತೊಂದರೆ ಅಂದ್ರೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಆದ್ರೆ ಮೀಟರ್ ಸೊನ್ನೆಗೆ ಬರುತ್ತೆ.

ಆ ತೊಂದರೆ ನೀಗಿಸೋದು ವಿಎನ್‌ಸ್ಟ್ಯಾಟ್. ಹಿನ್ನೆಲೆಯಲ್ಲಿ ಕೂತು ಕರ್ನಲ್‌ನ ಅದೇ ಮೀಟರನ್ನು ಆಗಾಗ ಓದಿ ಡೇಟಾಬೇಸ್‌ನಲ್ಲಿ ಬರೆದಿಡುತ್ತೆ. ಹೈಫನ್ ಎಚ್ ಕೊಟ್ಟರೆ ಗಂಟೆವಾರು ಲೆಕ್ಕ, ಹೈಫನ್ ಡಿ ಕೊಟ್ಟರೆ ದಿನದ್ದು, ಹೈಫನ್ ಎಂ ಕೊಟ್ಟರೆ ತಿಂಗಳದ್ದು. ಪ್ಯಾಕೆಟ್ ಬಿಚ್ಚಿ ನೋಡೋದಿಲ್ಲ, ಎಣಿಸುತ್ತೆ ಅಷ್ಟೇ. ಹಾಗಾಗಿ ಪ್ರೊಸೆಸರ್ ಮೇಲೂ ಭಾರ ಇಲ್ಲ. ಲೆಕ್ಕ ಶುರುವಾಗೋದು ಇನ್‌ಸ್ಟಾಲ್ ಮಾಡಿದ ದಿನದಿಂದ ಮಾತ್ರ, ಅದಕ್ಕೇ ಇವತ್ತೇ ಹಾಕಿಡಿ ಅಂತೀವಿ.

ಎನ್‌ಲೋಡ್ ಈ ಕ್ಷಣದ ಚಿತ್ರ ಕೊಡುತ್ತೆ. ಮೇಲೆ ಒಳಬರೋದರ ಗ್ರಾಫ್, ಕೆಳಗೆ ಹೊರಹೋಗೋದರ ಗ್ರಾಫ್. ಐಎಫ್‌ಟಾಪ್ ಇನ್ನೊಂದು ಹೆಜ್ಜೆ ಮುಂದೆ: ನಮ್ಮ ಲ್ಯಾಪ್‌ಟಾಪ್ ಯಾವ ಯಾವ ವಿಳಾಸದ ಜೊತೆ ಎಷ್ಟೆಷ್ಟು ಮಾತಾಡ್ತಿದೆ ಅಂತ ತೋರಿಸುತ್ತೆ. ಬಲಗಡೆ ಮೂರು ಕಾಲಂ ಇರುತ್ತೆ, ಕಳೆದ 2, 10 ಮತ್ತು 40 ಸೆಕೆಂಡಿನ ಸರಾಸರಿ. ನೆಟ್‌ಹಾಗ್ಸ್ ಕೇಳೋದು "ಯಾವ ಪ್ರೋಗ್ರಾಂ?" ಅನ್ನೋ ಪ್ರಶ್ನೆ. ಬ್ರೌಸರ್ ಎಷ್ಟು, ಅಪ್‌ಡೇಟ್ ಎಷ್ಟು, ಬ್ಯಾಕಪ್ ಎಷ್ಟು ಅಂತ ವಿಂಗಡಿಸಿ ಇಡುತ್ತೆ. ಈ ಕೊನೆಯ ಎರಡಕ್ಕೂ ಸಾಮಾನ್ಯವಾಗಿ ಸುಡೋ ಬೇಕು, ಯಾಕಂದ್ರೆ ಇವು ಪ್ಯಾಕೆಟ್‌ಗಳನ್ನೇ ಹಿಡಿದು ನೋಡ್ತವೆ.

ವಿಂಡೋಸ್ ಇರೋರು ಬೇಜಾರಾಗೋದು ಬೇಡ. ನೆಟ್‌ಸ್ಟ್ಯಾಟ್‌ಗೆ ಹೈಫನ್ ಇ ಕೊಟ್ಟರೆ ಒಟ್ಟು ಬೈಟ್ ಲೆಕ್ಕ ಸಿಗುತ್ತೆ. ಪ್ರೋಗ್ರಾಂವಾರು ನೋಡೋಕೆ ರಿಸೋರ್ಸ್ ಮಾನಿಟರ್ ಇದೆ. ಮ್ಯಾಕ್‌ನಲ್ಲಿ ನೆಟ್‌ಟಾಪ್ ಮೊದಲೇ ಇರುತ್ತೆ. ವಿಂಡೋಸ್ ಒಳಗಿನ ಲಿನಕ್ಸ್‌ನಲ್ಲಿ ಐಎಫ್‌ಟಾಪ್ ಹಾಕಿದ್ರೆ ಸಾಮಾನ್ಯವಾಗಿ ಆ ಒಳಗಿನ ಲಿನಕ್ಸ್‌ನ ಲೆಕ್ಕ ಮಾತ್ರ ಕಾಣುತ್ತೆ, ಇಡೀ ಲ್ಯಾಪ್‌ಟಾಪಿನದ್ದಲ್ಲ. ಅದನ್ನು ನೋಡಿ "ನಂದು ಏನೂ ಇಲ್ಲಪ್ಪಾ" ಅಂದುಕೊಳ್ಳೋ ಹಾಗಿಲ್ಲ.

ಓದುವಾಗ ಯೂನಿಟ್ ಮೇಲೆ ಕಣ್ಣಿರಲಿ. ಐಎಫ್‌ಟಾಪ್ ತೋರಿಸೋದು ಬಿಟ್‌ನಲ್ಲಿ, ನೆಟ್‌ಹಾಗ್ಸ್ ಬೈಟ್‌ನಲ್ಲಿ. ಎಂಟು ಪಟ್ಟು ವ್ಯತ್ಯಾಸ. 100 ಮೆಗಾಬಿಟ್ ಲೈನ್‌ನಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್‌ಗಿಂತ ಜಾಸ್ತಿ ಬರೋಕೆ ಸಾಧ್ಯವೇ ಇಲ್ಲ. "ನೂರು ಅಂತ ಹೇಳಿ ಹನ್ನೆರಡು ಕೊಡ್ತಿದ್ದಾರೆ" ಅನ್ನೋ ದೂರು ಹುಟ್ಟೋದು ಇಲ್ಲಿಂದಲೇ.

ಒಂದು ವಾರ ಅಳೆದು ನೋಡಿದಾಗ

ಕ್ಲಬ್‌ನ ನಾವು ಆರು ಜನ ನಮ್ಮ ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಒಂದು ವಾರ ಈ ಲೆಕ್ಕ ಇಟ್ಟೆವು. ಆರು ಜನದ ಲೆಕ್ಕ ಇಡೀ ಹಾಸ್ಟೆಲ್‌ನ ಲೆಕ್ಕ ಅಲ್ಲ, ಅದು ನಮಗೆ ಗೊತ್ತು. ಆದರೆ ಕಾರಿಡಾರ್‌ನಲ್ಲಿ ಸತ್ಯ ಅಂತ ಓಡಾಡ್ತಿದ್ದ ಒಂದೆರಡು ಮಾತು ಅಲ್ಲೇ ಬಿದ್ದುಹೋದವು.

ಎಲ್ಲರ ಬಾಯಿಗೆ ಬಿದ್ದಿದ್ದ ಗೇಮರ್ ಹುಡುಗ ಈ ಆರರಲ್ಲಿ ಒಬ್ಬ. ಅವನ ಆಟ ಲಿನಕ್ಸ್ ಮೇಲೂ ಓಡುತ್ತೆ. ಉಳಿದದ್ದೆಲ್ಲ ಮುಚ್ಚಿ, ಆಟ ಮಾತ್ರ ಹಾಕಿ, ಪಕ್ಕದಲ್ಲಿ ಎನ್‌ಲೋಡ್ ಇಟ್ಟೆವು. ಗ್ರಾಫ್ ನೆಲ ಬಿಟ್ಟು ಏಳಲೇ ಇಲ್ಲ. ಆಟ ನಿಲ್ಲಿಸಿ ಒಂದು ವಿಡಿಯೋ ಹಾಕಿದ ತಕ್ಷಣ ಮೇಲಿನ ಗ್ರಾಫ್ ಗೋಡೆ ಥರ ಎದ್ದು ನಿಂತಿತು.

ಲೆಕ್ಕ ಹಾಕಿದ್ರೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಆಟ ಆಡುವಾಗ ಸಾಮಾನ್ಯವಾಗಿ ಹೋಗಿ ಬರೋದು ಯಾರು ಎಲ್ಲಿದ್ದಾರೆ, ಯಾವ ಬಟನ್ ಒತ್ತಿದ್ರು ಅನ್ನೋ ಸಣ್ಣ ಸಣ್ಣ ಸುದ್ದಿ. ಸೆಕೆಂಡಿಗೆ 200 ಕಿಲೋಬಿಟ್ ಅಂತ ಹಿಡಿದರೂ ಗಂಟೆಗೆ 90 ಮೆಗಾಬೈಟ್. ಸೆಕೆಂಡಿಗೆ 5 ಮೆಗಾಬಿಟ್ ವಿಡಿಯೋ ಗಂಟೆಗೆ 2.25 ಗಿಗಾಬೈಟ್, ಅಂದ್ರೆ 25 ಪಟ್ಟು. ಆಟ ಡೌನ್‌ಲೋಡ್ ಮಾಡೋದು ಬೇರೆ ವಿಷಯ, ಅದು ಹತ್ತಾರು ಗಿಗಾಬೈಟ್ ಆಗುತ್ತೆ, ಅದಕ್ಕೆ ಸಮಯ ಗೊತ್ತು ಮಾಡಿದ್ರೆ ನಮ್ಮ ತಕರಾರಿಲ್ಲ. ಆದರೆ ಆಡೋನು ನೆಟ್ ತಿನ್ನೋನಲ್ಲ. ತಡ ಆದ್ರೆ ಮೊದಲು ಸಾಯೋದು ಅವನ ಆಟ, ಮೊದಲು ಕೂಗಿಕೊಳ್ಳೋನೂ ಅವನೇ, ಅದಕ್ಕೇ ಮೊದಲು ಕಣ್ಣಿಗೆ ಬೀಳೋನೂ ಅವನೇ. ಏಟು ತಿಂದವನನ್ನೇ ಕಳ್ಳ ಅಂತ ಹಿಡಿದ ಹಾಗೆ ಆಯ್ತು.

ಹಾಗಾದ್ರೆ ನೆಟ್ ತಿಂದದ್ದು ಯಾರು? ನಮ್ಮ ಆರರಲ್ಲಿ ಅತಿ ಹೆಚ್ಚು ಅಪ್‌ಲೋಡ್ ಇದ್ದದ್ದು ನಮ್ಮಲ್ಲೇ ತುಂಬ ಸಾಧು ಹುಡುಗನ ಲ್ಯಾಪ್‌ಟಾಪ್‌ನಲ್ಲಿ. ಆಟ ಇಲ್ಲ, ಸಿನಿಮಾ ಇಲ್ಲ. ಅಣ್ಣನ ಮದುವೆ ಫೋಟೋಗಳ ಫೋಲ್ಡರ್ ಕ್ಲೌಡ್‌ಗೆ ತಾನಾಗೇ ಏರ್ತಾ ಇತ್ತು, ಅದೂ ಅವನು ಲ್ಯಾಪ್‌ಟಾಪ್ ತೆಗೆಯೋ ಹೊತ್ತಿಗೆ, ಅಂದ್ರೆ ದಿನಾ ರಾತ್ರಿ ಒಂಬತ್ತರ ಮೇಲೆ. ಅವನಿಗೂ ಗೊತ್ತಿರಲಿಲ್ಲ. ನೆಟ್‌ಹಾಗ್ಸ್‌ನ ಮೊದಲನೇ ಸಾಲಲ್ಲೇ ಹೆಸರು ಬಂತು. ಬೆಳಗಿನ ಜಾವಕ್ಕೆ ಸಮಯ ಬದಲಾಯಿಸಿದ, ಮುಗೀತು. ವಿಂಡೋಸ್ 10ರಿಂದ ಈಚೆಗೆ ಡೆಲಿವರಿ ಆಪ್ಟಿಮೈಸೇಶನ್ ಅನ್ನೋ ಸೌಲಭ್ಯವೂ ಇದೆ. ಸೆಟ್ಟಿಂಗ್ ಹೇಗಿದೆ ಅನ್ನೋದರ ಮೇಲೆ ನಮ್ಮ ಕಂಪ್ಯೂಟರ್ ತಾನು ಇಳಿಸಿಕೊಂಡ ಅಪ್‌ಡೇಟನ್ನು ಬೇರೆ ಕಂಪ್ಯೂಟರ್‌ಗಳಿಗೂ ಹಂಚಬಹುದು. ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಇಂಥದ್ದಕ್ಕೆಲ್ಲ ಶಿಕ್ಷೆ ಬೇಕಾ? ಗೊತ್ತಾದ್ರೆ ಸಾಕು.

1986ರಲ್ಲಿ ಬರ್ಕ್ಲಿಯಲ್ಲಿ ಆದದ್ದು

ಇದು ನಮ್ಮ ಹಾಸ್ಟೆಲ್‌ನ ಸಣ್ಣ ಜಗಳ ಅಷ್ಟೇ ಅಂತ ಯಾರಾದ್ರೂ ಅಂದ್ರೆ ಅವರಿಗೆ ಇಂಟರ್‌ನೆಟ್‌ನ ಬಾಲ್ಯದ ಕಥೆ ಹೇಳಬೇಕು. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿಗೂ ನಡುವಿನ ವೇಗ ಇದ್ದಕ್ಕಿದ್ದ ಹಾಗೆ ಕುಸಿಯಿತು. ನಡುವಿನ ದೂರ 400 ಗಜ. ಸೆಕೆಂಡಿಗೆ 32 ಕಿಲೋಬಿಟ್ ಇದ್ದದ್ದು 40 ಬಿಟ್‌ಗೆ ಇಳಿಯಿತು. ಕಿಲೋಬಿಟ್ ಅಲ್ಲ, ಬರೀ ಬಿಟ್. ಎಂಟುನೂರು ಪಟ್ಟು ಕಮ್ಮಿ. ನಡೆದುಕೊಂಡು ಹೋಗಿ ಹೇಳಿ ಬಂದಿದ್ರೆ ಬೇಗ ಆಗ್ತಿತ್ತು.

ಅವತ್ತೂ "ಯಾರೋ ಜಾಸ್ತಿ ಬಳಸ್ತಿದ್ದಾರೆ" ಅಂತ ಒಂದಿಷ್ಟು ಜನರನ್ನು ಹೊರಗೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ವ್ಯಾನ್ ಜೇಕಬ್‌ಸನ್ ಮತ್ತು ಮೈಕೆಲ್ ಕ್ಯಾರೆಲ್ಸ್ ಹಾಗೆ ಮಾಡಲಿಲ್ಲ. ಪ್ಯಾಕೆಟ್‌ಗಳ ಓಡಾಟವನ್ನೇ ಕೂತು ಅಳೆದು ನೋಡಿದ್ರು. ತಪ್ಪು ಯಾವುದೋ ಒಬ್ಬ ಬಳಕೆದಾರನದ್ದಲ್ಲ, ಎಲ್ಲರ ಕಂಪ್ಯೂಟರ್‌ನಲ್ಲೂ ಇದ್ದ ಟಿಸಿಪಿಯ ನಡವಳಿಕೆಯದ್ದು ಅಂತ ತಿಳಿಯಿತು. ದಾರಿ ತುಂಬಿದೆ ಅಂತ ಗೊತ್ತಾಗದೆ ಎಲ್ಲವೂ ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಿ ದಾರಿಯನ್ನು ಇನ್ನಷ್ಟು ತುಂಬಿಸ್ತಿದ್ದವು. 1988ರಲ್ಲಿ ಅವರ ಪ್ರಬಂಧ ಬಂತು. ಸ್ಲೋ ಸ್ಟಾರ್ಟ್, ಕಂಜೆಶನ್ ಅವಾಯ್ಡೆನ್ಸ್ ಅಂತ ನಾವು ಪರೀಕ್ಷೆಗೆ ಬಾಯಿಪಾಠ ಹೊಡೆಯೋದೆಲ್ಲ ಅಲ್ಲಿಂದ ಬಂದದ್ದು. ಅದೇ ಪ್ರಯೋಗಾಲಯದಲ್ಲಿ ಅದೇ ವರ್ಷಗಳಲ್ಲಿ ಟಿಸಿಪಿಡಂಪ್ ಹುಟ್ಟಿತು, ಅದರ ಒಡಲಿಂದ ಲಿಬ್‌ಪಿಕ್ಯಾಪ್ ಅನ್ನೋ ಲೈಬ್ರರಿ ಬಂತು. ಇವತ್ತು ಐಎಫ್‌ಟಾಪ್, ನೆಟ್‌ಹಾಗ್ಸ್ ಎರಡೂ ಪ್ಯಾಕೆಟ್ ಹಿಡಿಯೋದು ಆ ಲೈಬ್ರರಿಯ ಸಹಾಯದಿಂದಲೇ. ಅಂದ್ರೆ ನಮ್ಮ ಟರ್ಮಿನಲ್‌ನಲ್ಲಿ ಓಡೋದು ಇಂಥದ್ದೇ ಒಂದು ಕಷ್ಟಕಾಲದಲ್ಲಿ, ಬೈಯೋ ಬದಲು ಅಳೆದವರು ಬಿಟ್ಟುಹೋದ ಆಸ್ತಿ.

ಕೆಲವು ತಕರಾರುಗಳು

"ಇದೆಲ್ಲ ನೆಟ್‌ವರ್ಕ್ ಅಡ್ಮಿನ್ ಸಾರ್ ಕೆಲಸ, ನಮಗ್ಯಾಕೆ?" ಅನ್ನೋರಿದ್ದಾರೆ. ಸಾರ್‌ಗೆ ರೂಟರ್‌ನಲ್ಲಿ ಯಾವ ಲ್ಯಾಪ್‌ಟಾಪ್ ಎಷ್ಟು ಬಳಸಿತು ಅಂತ ಕಾಣಬಹುದು. ಆ ಲ್ಯಾಪ್‌ಟಾಪ್ ಒಳಗೆ ಯಾವ ಪ್ರೋಗ್ರಾಂ ಬಳಸಿತು ಅಂತ ಅಲ್ಲಿಂದ ಸರಿಯಾಗಿ ಕಾಣೋದಿಲ್ಲ. ಅದು ಲ್ಯಾಪ್‌ಟಾಪಿನ ಯಜಮಾನನಿಗೆ ಮಾತ್ರ ಗೊತ್ತಾಗೋ ವಿಷಯ. ಎರಡೂ ಲೆಕ್ಕ ಸೇರಿದ್ರೇನೇ ಚಿತ್ರ ಪೂರ್ತಿ.

"ಬಟನ್ ಒತ್ತಿದ್ರೆ ಬಣ್ಣ ಬಣ್ಣದ ಗ್ರಾಫ್ ಬರೋ ಆಪ್ ಇರುವಾಗ ಕಮಾಂಡ್ ಲೈನ್ ಯಾಕೆ?" ಇದು ನ್ಯಾಯವಾದ ಪ್ರಶ್ನೆ. ಆಪ್ ಸಾಕು ಅನ್ನಿಸಿದ್ರೆ ಆಪ್ ಬಳಸಿ. ಆದರೆ ವಿಎನ್‌ಸ್ಟ್ಯಾಟ್ ಕೊಡೋದು ಬರೀ ಪಠ್ಯ. ಕಾಪಿ ಮಾಡಿ ದೂರಿನ ಮೇಲ್‌ಗೆ ಅಂಟಿಸಬಹುದು, ದಿನಾ ರಾತ್ರಿ ತಾನಾಗೇ ಫೈಲ್‌ಗೆ ಬರೆಯೋ ಹಾಗೆ ಮಾಡಬಹುದು, ಮಾನಿಟರ್ ಇಲ್ಲದ ಲ್ಯಾಬ್ ಸರ್ವರ್‌ನಲ್ಲೂ ದೂರದಿಂದ ಲಾಗಿನ್ ಆಗಿ ನೋಡಬಹುದು.

"ಈ ಲೆಕ್ಕಾನೂ ತಪ್ಪಿರಬಹುದಲ್ವಾ?" ಹೌದು, ಇರಬಹುದು. ವಿಎನ್‌ಸ್ಟ್ಯಾಟ್‌ಗೆ ಇಂಟರ್‌ನೆಟ್ ಯಾವುದು, ಕಾಲೇಜಿನೊಳಗಿನ ಸರ್ವರ್ ಯಾವುದು ಅಂತ ಗೊತ್ತಿಲ್ಲ. ಲ್ಯಾಬ್ ಸರ್ವರ್‌ನಿಂದ ಐಎಸ್‌ಒ ಇಳಿಸಿಕೊಂಡ್ರೂ ಲೆಕ್ಕಕ್ಕೆ ಸೇರಿಸುತ್ತೆ. ವಿಪಿಎನ್ ಹಾಕಿದ್ರೆ ಅದೇ ಡೇಟಾ ಎರಡು ಇಂಟರ್‌ಫೇಸ್‌ಗಳಲ್ಲಿ ಕಾಣಬಹುದು. ನೆಟ್‌ಹಾಗ್ಸ್ ಮೊದಲಿಂದ ಟಿಸಿಪಿ ನೋಡೋಕೆ ಮಾಡಿದ್ದು, ಯುಡಿಪಿ ಎಣಿಸೋದು ಹೊಸ ಆವೃತ್ತಿಗಳಲ್ಲಿ ಬಂದದ್ದು. ಆಟಗಳೂ ಎಷ್ಟೋ ವಿಡಿಯೋಗಳೂ ಯುಡಿಪಿ ಮೇಲೆ ಬರೋದ್ರಿಂದ ಅದೊಂದನ್ನೇ ನಂಬೋ ಹಾಗಿಲ್ಲ, ಎನ್‌ಲೋಡ್‌ನ ಒಟ್ಟು ಲೆಕ್ಕದ ಜೊತೆ ತಾಳೆ ನೋಡಬೇಕು. ಆದರೆ ಯಾವ ಕಡೆ ತಪ್ಪಬಹುದು ಅಂತ ಗೊತ್ತಿರೋ ಲೆಕ್ಕ, ಲೆಕ್ಕವೇ ಇಲ್ಲದ ಗುಮಾನಿಗಿಂತ ಎಷ್ಟೋ ವಾಸಿ.

ಇನ್ನೊಂದು ಮುಖ್ಯವಾದ ಮಾತು. ನಮ್ಮ ಮೀಟರ್ ನಾವು ಓದೋದು ಒಂದು, ಪಕ್ಕದವನ ಬಾಗಿಲಿಗೆ ಕಿವಿ ಇಡೋದು ಇನ್ನೊಂದು. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಐಎಫ್‌ಟಾಪ್ ಹಾಕಿದ್ರೆ ಹೆಚ್ಚುಕಮ್ಮಿ ನಮ್ಮದೇ ಓಡಾಟ ಕಾಣೋದು, ಹಾಸ್ಟೆಲ್ ಪೂರ್ತಿಯದ್ದಲ್ಲ. ಹಾಸ್ಟೆಲ್‌ನದ್ದೂ ನೋಡ್ತೀನಿ ಅಂತ ಬೇರೆಯವರ ಟ್ರಾಫಿಕ್ ತನ್ನ ಕಡೆ ತಿರುಗಿಸಿಕೊಳ್ಳೋ ಟೂಲ್‌ಗಳನ್ನು ಹಾಕೋ "ಹ್ಯಾಕರ್" ಅಣ್ಣಂದಿರೂ ಇದ್ದಾರೆ. ಅದು ಅಳತೆ ಅಲ್ಲ, ಇಣುಕಾಟ. ಅನುಮತಿ ಇಲ್ಲದೆ ಇನ್ನೊಬ್ಬರ ಡೇಟಾಗೆ ಕೈ ಹಾಕೋದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರವೂ ತಪ್ಪು. ಸಾಕ್ಷಿ ಬೇಕು ಅಂತ ನಾವು ಕೇಳ್ತಿರೋದು ನಿಜ, ಆದರೆ ಈ ದಾರಿಯಲ್ಲಿ ತಂದ ಸಾಕ್ಷಿ ನಮಗೆ ಬೇಡ.

ನಾವು ಕೇಳೋದು ಇಷ್ಟು

ಕಮಿಟಿಗೆ ನಮ್ಮ ಮನವಿ ಮೂರು. ಮೊದಲನೆಯದು, ಎರಡು ವಾರ ಯಾರನ್ನೂ ಪಟ್ಟಿಯಿಂದ ತೆಗೆಯಬೇಡಿ, ಯಾವ ಆಟವನ್ನೂ ಬ್ಲಾಕ್ ಮಾಡಬೇಡಿ. ಆ ಎರಡು ವಾರ ಹೊರಗಿನ ಲೈನ್‌ನ ಗಂಟೆವಾರು ಒಟ್ಟು ಲೆಕ್ಕವನ್ನು ನೋಟಿಸ್ ಬೋರ್ಡ್‌ಗೆ ಹಾಕಿ. ಯಾರ ಹೆಸರೂ ಬೇಡ, ಒಟ್ಟು ಸಾಕು. ರಾತ್ರಿ ಹತ್ತಕ್ಕೆ ಲೈನ್ ತುಂಬಿರುತ್ತೋ ಇಲ್ಲವೋ ಅನ್ನೋದು ಎಲ್ಲರಿಗೂ ಕಾಣಲಿ.

ಎರಡನೆಯದು, ಲ್ಯಾಬ್‌ನ ಒಂದು ಕಂಪ್ಯೂಟರ್‌ನಲ್ಲಿ ಐಪರ್ಫ್3 ಸರ್ವರ್ ಹಾಕೋಕೆ ಅನುಮತಿ ಕೊಡಿ. ರೂಮಿನಿಂದ ಆ ಸರ್ವರ್‌ಗೆ ಎಷ್ಟು ವೇಗ ಬರುತ್ತೆ ಅಂತ ಅದು ಹತ್ತು ಸೆಕೆಂಡಿನಲ್ಲಿ ಹೇಳುತ್ತೆ. ಲ್ಯಾಬ್‌ವರೆಗೆ ವೇಗ ಚೆನ್ನಾಗಿದ್ದು ಹೊರಗೆ ಮಾತ್ರ ಕಮ್ಮಿ ಇದ್ರೆ ಹೊರಗಿನ ಲೈನ್ ನೋಡಬೇಕು. ಲ್ಯಾಬ್‌ವರೆಗೇ ಕಮ್ಮಿ ಇದ್ರೆ ನಮ್ಮ ವೈಫೈ ನೋಡಬೇಕು. ಪರೀಕ್ಷೆ ಮಾಡುವಾಗ ಅದು ದಾರಿಯನ್ನು ತುಂಬಿಬಿಡೋದ್ರಿಂದ ಎಲ್ಲರೂ ಒಟ್ಟಿಗೆ ಓಡಿಸೋ ಹಾಗಿಲ್ಲ, ವಿಂಗ್‌ಗೆ ಒಬ್ಬರು ಅಂತ ಸಮಯ ಹಂಚಿಕೊಳ್ತೀವಿ.

ಮೂರನೆಯದು, ಇನ್ನು ಮುಂದೆ ನೆಟ್ ಬಗ್ಗೆ ದೂರು ಕೊಡುವಾಗ ನಾಲ್ಕು ವಿವರ ಕಡ್ಡಾಯ ಆಗಲಿ: ಸಮಯ, ರೂಮ್ ಇರೋ ಜಾಗ, ರೂಟರ್‌ಗೆ ಪಿಂಗ್ ಎಷ್ಟು ಬಂತು, ಆ ಹೊತ್ತಿನಲ್ಲಿ ನಮ್ಮದೇ ಲ್ಯಾಪ್‌ಟಾಪ್‌ನ ಬಳಕೆ ಎಷ್ಟಿತ್ತು. ಇನ್ನೊಬ್ಬರ ಹೆಸರು ಬರೆಯೋಕೆ ಆ ಫಾರ್ಮ್‌ನಲ್ಲಿ ಜಾಗವೇ ಇರಬಾರದು.

ಜೂನಿಯರ್‌ಗಳಿಗೆ ಒಂದು ಮಾತು. ಕಪ್ಪು ಪರದೆ ನೋಡಿ ಹೆದರಬೇಡಿ. ಓಎಸ್‌ಐನ ಏಳು ಲೇಯರ್ ಹೆಸರು ಗಿಳಿಪಾಠ ಒಪ್ಪಿಸೋಕೆ ಬರೋರಿಗೆ ವಿಎನ್‌ಸ್ಟ್ಯಾಟ್ ಏನೂ ಕಷ್ಟ ಅಲ್ಲ. ಇನ್‌ಸ್ಟಾಲ್ ಮಾಡೋಕೆ ಬರದಿದ್ರೆ ಶನಿವಾರ ಸಂಜೆ ಕ್ಲಬ್ ರೂಮಿಗೆ ಲ್ಯಾಪ್‌ಟಾಪ್ ತನ್ನಿ, ಕನ್ನಡದಲ್ಲೇ ಹೇಳಿಕೊಡ್ತೀವಿ. ಯಾರಾದ್ರೂ ನಿಮ್ಮನ್ನು "ನೀನೇ ಕಣೋ ನೆಟ್ ತಿಂತಿರೋದು" ಅಂದ್ರೆ ಜಗಳ ಬೇಡ, ನಿಮ್ಮ ಗಂಟೆವಾರು ಲೆಕ್ಕ ತೆಗೆದು ತೋರಿಸಿ, ಆಮೇಲೆ ಅವರದ್ದನ್ನೂ ಕೇಳಿ.

ಎರಡು ವಾರ ಆದ ಮೇಲೆ ಅಂಕಿಗಳು "ಲೈನ್ ಸಾಲದು" ಅಂತ ಹೇಳಿದ್ರೆ ಲೈನ್ ದೊಡ್ಡದು ಮಾಡಿ ಅಂತ ಎಲ್ಲರೂ ಸೇರಿ ಆಡಳಿತದವರನ್ನು ಕೇಳೋಣ, ಆಗ ನಮ್ಮ ಕೈಯಲ್ಲಿ ಕಾಗದ ಇರುತ್ತೆ. ಅಂಕಿಗಳು ಹಂಚಿಕೆ ಬೇಕು ಅಂದ್ರೆ ಎಲ್ಲರಿಗೂ ಒಂದೇ ಮಿತಿ ಹಾಕಲಿ, ಅದಕ್ಕೆ ಮೊದಲು ಸಹಿ ಹಾಕೋರು ನಾವೇ.